ಕೈಗೆ ಪಳಗಿದ ಗುಂಡಿಗಳು

ಮನುಷ್ಯನ ತಿಳಿವಳಿಕೆಯೆಲ್ಲ ಅವನ ತಲೆಯಲ್ಲಿಯೇ ಇದೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಸ್ವಲ್ಪ ಯೋಚಿಸಿ ನೋಡಿದರೆ, ಅದರಲ್ಲಿ ದೊಡ್ಡದೊಂದು ಪಾಲು ಅವನ ಕೈಗಳಲ್ಲಿ ಅಡಗಿರುವುದು ಗೋಚರವಾಗುತ್ತದೆ. ರಾತ್ರಿ ದೀಪ ಆರಿಹೋದಾಗ ಮನೆಯೊಡತಿ ಕಡ್ಡಿಪೆಟ್ಟಿಗೆಯನ್ನು ಹುಡುಕುತ್ತ ನಿಲ್ಲುವುದಿಲ್ಲ. ಕತ್ತಲೆಯಲ್ಲಿಯೇ ಗೂಡಿನತ್ತ ನೇರವಾಗಿ ಕೈ ನೀಡುತ್ತಾಳೆ. ನೇಕಾರನು ಲಾಳಿಯ ಕಡೆಗೆ ನೋಡದೆಯೇ ಮಗ್ಗವನ್ನು ನಡೆಸುತ್ತಾನೆ. ಬಾವಿಯ ಮೆಟ್ಟಿಲಿಳಿಯುವ ಹುಡುಗನು ಎಷ್ಟನೆಯ ಮೆಟ್ಟಿಲು ಸವೆದಿದೆಯೆಂಬುದನ್ನು ಬಾಯಿಂದ ಹೇಳಲಾರ. ಆದರೆ ಅವನ ಕಾಲಿಗೆ ಅದು ಗೊತ್ತು. ಈ ಬಗೆಯ ತಿಳಿವಳಿಕೆಗೆ ಪರೀಕ್ಷೆಯಿಲ್ಲ, ಪ್ರಶಸ್ತಿಪತ್ರವಿಲ್ಲ. ಅಂಥದೊಂದು ನಮ್ಮಲ್ಲಿ ಇದೆಯೆಂಬ ಅರಿವು ಕೂಡ ನಮಗೆ ಇರುವುದಿಲ್ಲ. ಯಾರಾದರೂ ಕಡ್ಡಿಪೆಟ್ಟಿಗೆಯನ್ನು ಬೇರೆ ಗೂಡಿನಲ್ಲಿಟ್ಟ ದಿನ ಮಾತ್ರ ಅದು ಅರಿವಿಗೆ ಬರುತ್ತದೆ.

ಕಡ್ಡಿಪೆಟ್ಟಿಗೆ ಬೇರೆ ಗೂಡಿಗೆ ಹೋದಂಥ ಪ್ರಸಂಗವೊಂದು ನಮ್ಮ ಮನೆಯಲ್ಲಿ ನಡೆಯಿತು. ಅದು ನಡೆದದ್ದು ಗಣಕಯಂತ್ರದ ಪರದೆಯ ಮೇಲೆ.

ನಾವು ಧಾರವಾಡದವರು. ಆ ಸೀಮೆಯು ಹಿಂದೂಸ್ತಾನಿ ಸಂಗೀತಕ್ಕೆ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು, ಭೀಮಸೇನ ಜೋಶಿ ಮೊದಲಾದ ಮಹಾಗಾಯಕರನ್ನು ಕೊಟ್ಟಿದೆ. ಇಂಥ ಸೀಮೆಯಲ್ಲಿ ಹಾಡುವವರಿಗೆ ಇರುವಷ್ಟೇ ಮರ್ಯಾದೆ ಚೆನ್ನಾಗಿ ಕೇಳುವವರಿಗೂ ಉಂಟು. ನಮ್ಮ ತಂದೆಯವರು ಕೇಳುವವರ ಗುಂಪಿಗೆ ಸೇರಿದವರು. ಅವರು ತೀರಿಕೊಂಡಾಗ ಮನೆಯಲ್ಲಿ 140 ಕ್ಯಾಸೆಟ್ಟುಗಳಿದ್ದುವು. ಒಂದೊಂದರ ಬೆನ್ನಿಗೂ ಒಂದು ಚೀಟಿ. ಚೀಟಿಯ ಮೇಲೆ ಕಪ್ಪು ಮಸಿಯಲ್ಲಿ ಬರೆದ ಮೂರು ವಿಷಯಗಳು: ಮೊದಲು ರಾಗ, ಅನಂತರ ಅದನ್ನು ಹಾಡುವ ಹೊತ್ತು, ಕೊನೆಯಲ್ಲಿ ಹಾಡಿದವರ ಹೆಸರು. ಈ ಕ್ರಮವನ್ನು ಅವರು ಒಂದು ಚೀಟಿಯಲ್ಲಿಯೂ ತಪ್ಪಿಸಿರಲಿಲ್ಲ. ಹಿಂದೂಸ್ತಾನಿ ಪದ್ಧತಿಯಲ್ಲಿ ಬಹುಮಟ್ಟಿಗೆ ಪ್ರತಿಯೊಂದು ರಾಗಕ್ಕೂ ತನ್ನದೇ ಆದ ಹೊತ್ತುಂಟು. ತೋಡಿ ಬೆಳಗಿನದು, ಸಾರಂಗ ನಡುಹಗಲಿನದು, ಮಾರವಾ ಸೂರ್ಯ ಮುಳುಗುವ ವೇಳೆಯದು, ಬಾಗೇಶ್ರೀ ರಾತ್ರಿಯದು. ನಮ್ಮ ಮನೆಯಲ್ಲಿ ಗಡಿಯಾರವು ಎಷ್ಟೋ ಸಲ ನಿಂತುಹೋದುದುಂಟು. ಆದರೆ ರಾಗಗಳು ಹೊತ್ತು ತಪ್ಪಿದುದಿಲ್ಲ.

ಕ್ಯಾಸೆಟ್ಟಿನ ಪಟ್ಟಿಯು ಕಾಲ ಕಳೆದಂತೆ ಬೂಷ್ಟು ಹಿಡಿಯುತ್ತದೆ, ಸುಕ್ಕಾಗುತ್ತದೆ, ಒಂದು ದಿನ ತುಂಡಾಗಿಬಿಡುತ್ತದೆ. ಆದುದರಿಂದ ಅವುಗಳಲ್ಲಿದ್ದ ಹಾಡುಗಾರಿಕೆಯನ್ನೆಲ್ಲ ಗಣಕಯಂತ್ರಕ್ಕೆ ಇಳಿಸಬೇಕೆಂದು ನಾನು ನಿಶ್ಚಯಿಸಿದೆನು. ಈ ಕೆಲಸದಲ್ಲಿ ಅವಸರಕ್ಕೆ ಎಡೆಯಿಲ್ಲ. 60 ನಿಮಿಷದ ಕ್ಯಾಸೆಟ್ಟನ್ನು ಇಳಿಸಲು 60 ನಿಮಿಷಗಳೇ ಬೇಕು. ಒಂದು ವರ್ಷದ ಭಾನುವಾರಗಳೆಲ್ಲ ಇದಕ್ಕೆ ಸಂದುವು. ಆಮೇಲೆ, ಹಾಡು ನುಡಿಸುವ ಒಂದು ತಂತ್ರಾಂಶದಲ್ಲಿ ಅವುಗಳನ್ನು ಸೇರಿಸಿ, ತಂದೆಯವರ ಚೀಟಿಗಳಲ್ಲಿದ್ದ ಕ್ರಮದಲ್ಲಿಯೇ ಪಟ್ಟಿ ಮಾಡಿದೆನು. ಇಂಥ ತಂತ್ರಾಂಶವನ್ನು ಮ್ಯೂಸಿಕ್ ಪ್ಲೇಯರ್ ಎಂದು ಕರೆಯುವುದು ವಾಡಿಕೆ.

ಆ ಪ್ಲೇಯರಿನ ನಿಜವಾದ ಒಡತಿಯಾದವಳು ನಮ್ಮ ಅವ್ವ. ಆಗ ಅವಳಿಗೆ 76 ವರ್ಷ. ಅದುವರೆಗೆ ಗಣಕಯಂತ್ರವನ್ನು ಒರೆಸುವುದಕ್ಕಲ್ಲದೆ ಬೇರೆ ಕಾರಣಕ್ಕೆ ಅವಳು ಮುಟ್ಟಿದವಳಲ್ಲ. ಆದರೂ ಒಂದು ತಿಂಗಳಿನಲ್ಲಿ ಅದನ್ನು ನಡೆಸಲು ಕಲಿತಳು. ಅವಳು ಕಲಿತ ಬಗೆಯು ಪುಸ್ತಕದ ಬಗೆಯಲ್ಲ. ಮೇಲಿನ ಎಡಮೂಲೆಯ ಮೊದಲನೆಯ ಗುಂಡಿಯನ್ನು ಒತ್ತಿದರೆ ಹಾಡು. ಅದರ ಪಕ್ಕದ್ದನ್ನು ಒತ್ತಿದರೆ ಮೌನ. ಬಲಗಡೆಯ ಉದ್ದನೆಯ ಪಟ್ಟಿಯಲ್ಲಿ ಬೆಳಗಿನ ರಾಗಗಳು ಮೇಲೆ, ರಾತ್ರಿಯವು ಕೆಳಗೆ. ಅವಳ ಕೈ ಇದನ್ನು ಅಡುಗೆಮನೆಯ ಡಬ್ಬಿಗಳ ಸಾಲಿನಂತೆ ನೆನಪಿಟ್ಟುಕೊಂಡಿತು. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ಒಳಗೆ ಬಂದವಳೇ ತೋಡಿಯನ್ನೋ ಭೈರವವನ್ನೋ ಹಚ್ಚಿ ಕಾಯಿಪಲ್ಲೆ ಹೆಚ್ಚಲು ಕುಳಿತುಕೊಳ್ಳುವಳು. ಹೀಗೆ ಮೂರು ವರ್ಷಗಳು ಕಳೆದುವು.

ಒಂದು ದಿನ ಬೆಳಿಗ್ಗೆ ಮನೆಯಲ್ಲಿ ಹಾಡು ಕೇಳಿಸಲಿಲ್ಲ. ಹೋಗಿ ನೋಡಿದರೆ ಅವ್ವ ಪರದೆಯ ಮುಂದೆ ಕೈ ಕಟ್ಟಿಕೊಂಡು ಕುಳಿತಿದ್ದಳು. ರಾತ್ರಿ ನಾವೆಲ್ಲ ಮಲಗಿದ್ದಾಗ ತಂತ್ರಾಂಶವು ತಾನಾಗಿಯೇ ನವೀಕರಣಗೊಂಡಿತ್ತು. ಮೇಲಿದ್ದ ಗುಂಡಿಗಳು ಕೆಳಕ್ಕೆ ಇಳಿದಿದ್ದುವು; ಇಳಿಯುವಾಗ ಮೈಕರಗಿ ಕೂದಲೆಳೆಯಂಥ ಬೂದುಗೆರೆಗಳಾಗಿದ್ದುವು. ಪಟ್ಟಿಯು ಮಾಯವಾಗಿ, ಅದರ ಸ್ಥಳದಲ್ಲಿ ಚೌಕ ಚೌಕವಾದ ಚಿತ್ರಗಳು ಬಂದಿದ್ದುವು. ಅಂಗಡಿಯಲ್ಲಿ ಮಾರುವ ಧ್ವನಿಮುದ್ರಿಕೆಗಳಿಗೆ ಅಂದವಾದ ಮುಖಚಿತ್ರಗಳಿರುತ್ತವೆ; ನಮ್ಮ ಕ್ಯಾಸೆಟ್ಟುಗಳಿಗೆ ಚಿತ್ರವೆಲ್ಲಿಯದು? ಹೀಗಾಗಿ ಒಂದೇ ಬೂದುಬಣ್ಣದ, ಒಂದೇ ಸ್ವರಚಿಹ್ನೆಯ 140 ಚೌಕಗಳು ಪರದೆಯ ತುಂಬ ನಿಂತಿದ್ದುವು. ಅವುಗಳನ್ನು ಹಾಡಿದವರ ಹೆಸರಿನ ಮೊದಲಕ್ಷರಕ್ಕೆ ಅನುಗುಣವಾಗಿ ಜೋಡಿಸಲಾಗಿತ್ತು. ನಮ್ಮ ಗಾಯಕರಲ್ಲಿ ಬಹುಮಂದಿ ಪಂಡಿತರಾದುದರಿಂದ ಅವರೆಲ್ಲರೂ ಪಕಾರದ ಕೆಳಗೆ ಜಾತ್ರೆಯಂತೆ ನೆರೆದಿದ್ದರು. ರಾಗದ ಹೆಸರು ಎಲ್ಲಿಯೂ ಇರಲಿಲ್ಲ. ಹೊತ್ತಿನ ಸುಳಿವೇ ಇರಲಿಲ್ಲ.

“ತಮ್ಮಾ, ಇದು ನಮ್ಮ ಪೆಟ್ಟಿಗಿ ಹೌದಲ್ಲೋ? ಯಾರದೋ ಮನೀಗೆ ಬಂದು ಕುಂತಂಗ ಆಗೇದ,” ಎಂದಳು ಅವ್ವ. ಸ್ವಲ್ಪ ಹೊತ್ತಿನ ಮೇಲೆ, “ಇನ್ನ ನನ್ನ ಕೈಲೆ ಇದು ಆಗೂದಿಲ್ಲ ಬಿಡು. ವಯಸ್ಸಾತು,” ಎಂದು ಎದ್ದು ಹೋದಳು.

ಮೊದಲನೆಯ ಮಾತಿಗೆ ನಾನು ನಕ್ಕೆನು. ಎರಡನೆಯ ಮಾತು ನನ್ನನ್ನು ಚುಚ್ಚಿತು. ಹಿಂದಿನ ದಿನದವರೆಗೂ ಆ ಯಂತ್ರವನ್ನು ಲೀಲಾಜಾಲವಾಗಿ ನಡೆಸುತ್ತಿದ್ದ ಹೆಂಗಸು ಒಂದೇ ರಾತ್ರಿಯಲ್ಲಿ ಮುದುಕಿಯಾಗುವುದು ಹೇಗೆ? ಬದಲಾದದ್ದು ಉಪಕರಣ, ಕುಂದು ತನ್ನದೆಂದು ತಿಳಿದುಕೊಂಡವಳು ಅವಳು. ಮುಂದೆ ಐದಾರು ದಿನ ಮನೆಯಲ್ಲಿ ಬೆಳಗಿನ ರಾಗವಿರಲಿಲ್ಲ. ಅವ್ವ ಆ ಕೋಣೆಯ ಕಡೆಗೆ ಹೋಗುವುದನ್ನೇ ಬಿಟ್ಟಳು. ಇಂಥ ನವೀಕರಣಗಳಿಂದ ಆಗುವ ನಷ್ಟವನ್ನು ಯಾವ ಕಂಪನಿಯ ಲೆಕ್ಕಪತ್ರದಲ್ಲಿಯೂ ಬರೆದಿಡುವುದಿಲ್ಲ.

ಹಾಗೆಂದು ನವೀಕರಣವೇ ಬೇಡವೆನ್ನುವುದು ವಿವೇಕವಲ್ಲ. ತಂತ್ರಾಂಶವೆಂಬುದು ಮನುಷ್ಯರು ಬರೆದ ಆದೇಶಗಳ ಮಾಲೆ. ಅದರಲ್ಲಿ ದೋಷಗಳು ಉಳಿದಿರುತ್ತವೆ. ಕೆಲವು ದೋಷಗಳ ಮೂಲಕ ಕಳ್ಳರು ಒಳಗೆ ನುಸುಳಬಹುದು. ಅವುಗಳನ್ನು ಮುಚ್ಚಲು ನವೀಕರಣ ಅವಶ್ಯ. ತೊಡಕಿರುವುದು ಬೇರೆಡೆಯಲ್ಲಿ. ಒಳಗಿನ ದುರಸ್ತಿಯನ್ನೂ ಹೊರಗಿನ ಅಲಂಕಾರವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕಳುಹಿಸುತ್ತಾರೆ. ಒಂದು ಬೇಕಾದರೆ ಇನ್ನೊಂದನ್ನೂ ಹೊರಬೇಕು. ಸೋರುವ ಹಂಚನ್ನು ಸರಿಪಡಿಸಲು ಬಂದವನು, ಹೋಗುವಾಗ ಒಲೆಯನ್ನು ಕಿತ್ತು ಬೇರೊಂದು ಮೂಲೆಯಲ್ಲಿ ಹೂಡಿ ಹೋದರೆ ಹೇಗಿರುತ್ತದೆ? ಹಂಚಿಗಾಗಿ ಅವನಿಗೆ ಕೃತಜ್ಞರಾಗಿರೋಣ. ಆದರೆ ಒಲೆಯ ವಿಷಯದಲ್ಲಿ ಅಡುಗೆ ಮಾಡುವವಳನ್ನು ಒಂದು ಮಾತು ಕೇಳಬೇಡವೇ?

ಈ ಸಂಕಟ ನಮ್ಮ ಮನೆಗೆ ಮಾತ್ರ ಸೇರಿದುದಲ್ಲ. ಹಾಡಿನ ತಂತ್ರಾಂಶಗಳ ಚರಿತ್ರೆಯಲ್ಲಿ ಇದಕ್ಕೆ ಪ್ರಸಿದ್ಧ ನಿದರ್ಶನಗಳಿವೆ. 1997ರಲ್ಲಿ ಅಮೆರಿಕದ ಜಸ್ಟಿನ್ ಫ್ರಾಂಕೆಲ್ ಮತ್ತು ಡಿಮಿಟ್ರಿ ಬೋಲ್ಡಿರೆವ್ ಎಂಬ ತರುಣರು ವಿನ್‌ಆಂಪ್ ಎಂಬ ಪ್ಲೇಯರನ್ನು ಹೊರತಂದರು. ಅದರ ಎರಡನೆಯ ಆವೃತ್ತಿ 1998ರಲ್ಲಿ ಬಂದಿತು. ಅದರ ಮುಖ್ಯ ಕಿಟಕಿ ಬಹಳ ಚಿಕ್ಕದು. 275 ಚುಕ್ಕೆಗಳ ಅಗಲ, 116 ಚುಕ್ಕೆಗಳ ಎತ್ತರ. ಆದರೆ ಆ ಕಿಟಕಿಯ ರೂಪವನ್ನು ಬಳಸುವವರೇ ಬದಲಾಯಿಸಿಕೊಳ್ಳಬಹುದಾಗಿತ್ತು. ಗುಂಡಿಗಳ ಹಾಗೂ ಚೌಕಟ್ಟಿನ ಚಿತ್ರಗಳನ್ನು ತಾವೇ ಬರೆದು, ಒಂದು ಕಡತದಲ್ಲಿ ಕಟ್ಟಿ ಸೇರಿಸಿದರೆ ಸಾಕು; ಪ್ಲೇಯರು ಹೊಸ ವೇಷ ಧರಿಸುತ್ತಿತ್ತು. ಇದನ್ನು ‘ಸ್ಕಿನ್’, ಎಂದರೆ ತೊಗಲು, ಎಂದು ಕರೆದರು. ಮರದ ಪೆಟ್ಟಿಗೆಯಂತೆ, ಹಳೆಯ ರೇಡಿಯೋದಂತೆ ಕಾಣುವ ತೊಗಲುಗಳನ್ನು ಜಗತ್ತಿನಾದ್ಯಂತ ಸಾವಿರಾರು ಜನ ರಚಿಸಿದರು. ಅವರಲ್ಲಿ ಶಾಲೆಯ ಹುಡುಗರೂ ಇದ್ದರು.

2002ರಲ್ಲಿ ಅದರ ಮೂರನೆಯ ಆವೃತ್ತಿ ಬಂದಿತು. ಅದರ ಒಳರಚನೆಯೇ ಹೊಸದು. ಶಕ್ತಿ ಹೆಚ್ಚಿತ್ತು, ಆದರೆ ಮೈಭಾರವೂ ಹೆಚ್ಚಾಗಿ ನಡಿಗೆ ನಿಧಾನವಾಗಿತ್ತು. ಬಹುಮಂದಿ ಅದನ್ನು ಒಪ್ಪದೆ ಎರಡನೆಯದಕ್ಕೇ ಅಂಟಿಕೊಂಡರು. ತಯಾರಕರು ಇದನ್ನು ಗಮನಿಸಿ, 2003ರ ಡಿಸೆಂಬರಿನಲ್ಲಿ ಎರಡರ ಗುಣಗಳನ್ನೂ ಕೂಡಿಸಿದ ಆವೃತ್ತಿಯೊಂದನ್ನು ಹೊರತಂದರು. ಅದಕ್ಕೆ ಕೊಟ್ಟ ಸಂಖ್ಯೆ ನಾಲ್ಕಲ್ಲ, ಐದು. ಎರಡು ಮತ್ತು ಮೂರು ಕೂಡಿದರೆ ಐದು ತಾನೆ! ಹಳೆಯ ತೊಗಲುಗಳು ಅದಕ್ಕೂ ಹೊಂದಿಕೊಂಡುವು. ಬಳಸುವವರ ಮುನಿಸು ಒಂದು ಗಣಿತವನ್ನೇ ಹುಟ್ಟಿಸಿತು.

ಲಿನಕ್ಸ್ ಬಳಸುವವರಲ್ಲಿ ಜನಪ್ರಿಯವಾಗಿದ್ದ ಅಮರಾಕ್ ಎಂಬ ಪ್ಲೇಯರಿನ ಕಥೆ ಇನ್ನೊಂದು ಬಗೆಯದು. 2008ರ ಡಿಸೆಂಬರಿನಲ್ಲಿ ಅದರ ಎರಡನೆಯ ಆವೃತ್ತಿ ಹೊಸ ರೂಪದೊಂದಿಗೆ ಬಂದಾಗ ಹಳೆಯ ಬಳಕೆದಾರರಲ್ಲಿ ಹಲವರಿಗೆ ಅದು ಹಿಡಿಸಲಿಲ್ಲ. ಆ ತಂತ್ರಾಂಶದ ಮೂಲಬರಹ ಎಲ್ಲರಿಗೂ ತೆರೆದಿದ್ದುದರಿಂದ, ಕೆಲವರು ಹಳೆಯ 1.4ನೆಯ ಆವೃತ್ತಿಯನ್ನೇ ತಳಹದಿಯಾಗಿ ಹಿಡಿದು, 2010ರಲ್ಲಿ ಕ್ಲೆಮೆಂಟೈನ್ ಎಂಬ ಬೇರೊಂದು ಪ್ಲೇಯರನ್ನು ಕಟ್ಟಿದರು. ಹಂಚಿನವನು ಒಲೆಯನ್ನು ಕಿತ್ತರೆ, ಇವರು ತಾವೇ ಒಲೆ ಹೂಡಿಕೊಂಡರು.

ಹೊಸ ಪ್ಲೇಯರನ್ನು ಕಟ್ಟುವ ವಿದ್ಯೆ ನನ್ನಲ್ಲಿರಲಿಲ್ಲ. ಆದರೆ ಇರುವುದನ್ನು ಒಗ್ಗಿಸಿಕೊಳ್ಳುವ ದಾರಿಯುಂಟೇ ಎಂದು ಹುಡುಕಲು ವಿದ್ಯೆಗಿಂತ ತಾಳ್ಮೆ ಹೆಚ್ಚು ಬೇಕು. ಒಂದು ಸಂಜೆ ಕಾಗದ ಪೆನ್ಸಿಲು ಹಿಡಿದು ಕುಳಿತೆನು. ಅವ್ವನಿಗೆ ಏನೇನು ಬೇಕು, ಏನೇನು ಬೇಡ ಎಂದು ಮೊದಲು ಬರೆದುಕೊಂಡೆನು. ‘ಬೇಕು’ ಎಂಬ ಸಾಲಿನಲ್ಲಿ ಆರು ವಿಷಯಗಳಿದ್ದುವು. ‘ಬೇಡ’ ಎಂಬುದು ಪುಟ ದಾಟಿತು. ಆಮೇಲೆ ಆಯ್ಕೆಗಳ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದನ್ನೂ ಬಿಡದೆ ತೆರೆದು ನೋಡಿದೆನು. ಬಾಗಿಲುಗಳು ಇದ್ದುವು, ಆದರೆ ಹಿತ್ತಲ ಬಾಗಿಲುಗಳಂತೆ ಮರೆಯಲ್ಲಿದ್ದುವು.

ಚಿತ್ರಗಳ ಚೌಕಗಳನ್ನು ತೆಗೆದು ಸಾಲುಪಟ್ಟಿಯನ್ನು ತರುವುದು ಸುಲಭವಾಯಿತು. ‘ಇದೂ ನಿಮಗೆ ಇಷ್ಟವಾಗಬಹುದು’ ಎಂದು ಪರಿಚಯವಿಲ್ಲದ ಹಾಡುಗಳನ್ನು ತಂದು ಸುರಿಯುತ್ತಿದ್ದ ಅಂಕಣವನ್ನು ಮುಚ್ಚಿದೆನು. ಕಷ್ಟವಾದದ್ದು ರಾಗದ ಹೆಸರು. ಅದಕ್ಕೆ ಕಾರಣವನ್ನು ತಿಳಿಯಬೇಕಾದರೆ ಹಾಡಿನ ಕಡತದ ಒಳಗೆ ಇಣುಕಿ ನೋಡಬೇಕು. ಎಂಪಿ3 ಕಡತಕ್ಕೆ ಹೆಸರುಚೀಟಿ ಅಂಟಿಸುವ ಐಡಿ3 ಎಂಬ ಪದ್ಧತಿ 1996ರಲ್ಲಿ ರೂಪುಗೊಂಡಿತು. ಅದರ ಮೊದಲ ರೂಪದಲ್ಲಿ ಚೀಟಿಯ ಒಟ್ಟು ಗಾತ್ರ 128 ಬೈಟುಗಳು. ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಹಾಡಿನ ಪ್ರಕಾರಕ್ಕೆ 1. ಉಳಿದ 3 ಚೀಟಿಯ ಗುರುತಿಗೆ. ಇದರಲ್ಲಿ ರಾಗಕ್ಕೆ ಮನೆಯಿಲ್ಲ. ಮಾಡಿದವರ ಕಿವಿಯಲ್ಲಿ ಇದ್ದದ್ದು ಮೂರು ನಾಲ್ಕು ನಿಮಿಷಗಳ ಹಾಡು. ಒಂದು ಗಂಟೆ ವಿಸ್ತರಿಸುವ ರಾಗವನ್ನು ಅವರು ಎಣಿಸಿರಲಿಲ್ಲ. ಅಪರೂಪದ ರಾಗಗಳಿಗೆ ಹೆಸರಾದ ಮನಸೂರರ ಧ್ವನಿಮುದ್ರಣದಲ್ಲಿ ರಾಗದ ಹೆಸರನ್ನೇ ಕಳೆದರೆ ಉಳಿಯುವ ವಿವರವೇನು?

1998ರಿಂದ ಬಂದ ಐಡಿ3 ಪದ್ಧತಿಯ ಎರಡನೆಯ ರೂಪವು ಉದಾರವಾದದ್ದು. ಅದರಲ್ಲಿ ನಮಗೆ ಬೇಕಾದ ಮನೆಗಳನ್ನು ನಾವೇ ಕಟ್ಟಿಕೊಳ್ಳಬಹುದು, ಕನ್ನಡದಲ್ಲಿಯೂ ಬರೆಯಬಹುದು. ನಾನು ಹಿಂದೆಯೇ ಕಡತಗಳಲ್ಲಿ ‘ರಾಗ’, ‘ಹೊತ್ತು’ ಎಂಬ ಮನೆಗಳನ್ನು ಕಟ್ಟಿದ್ದೆನು. ನವೀಕರಣವು ಅವುಗಳನ್ನು ಅಳಿಸಿರಲಿಲ್ಲ, ತೋರಿಸುವುದನ್ನು ಮಾತ್ರ ಬಿಟ್ಟಿತ್ತು. ಪಟ್ಟಿಯಲ್ಲಿದ್ದ ‘ಆಲ್ಬಮ್’, ‘ವರ್ಷ’, ‘ಪ್ರಕಾರ’ ಎಂಬ ಮೂರು ಕಂಬಸಾಲುಗಳನ್ನು ತೆಗೆದು, ‘ರಾಗ’, ‘ಹೊತ್ತು’, ‘ಹಾಡಿದವರು’ ಎಂಬ ಮೂರನ್ನು ನಿಲ್ಲಿಸಿದೆನು. ಹೊತ್ತಿನ ಅನುಕ್ರಮದಲ್ಲಿ ಎಲ್ಲವನ್ನೂ ಜೋಡಿಸಿದೆನು. ಪಕಾರದ ಜಾತ್ರೆ ಚೆದುರಿ ಪಂಡಿತರೆಲ್ಲ ತಮ್ಮ ತಮ್ಮ ವೇಳೆಗೆ ಮರಳಿದರು.

ಇನ್ನು ಅಕ್ಷರಗಳು. ಹೊಸ ಪಟ್ಟಿಯ ಸಾಲುಗಳನ್ನು ಇಂಗ್ಲಿಷ್ ಲಿಪಿಯ ಅಳತೆಗೆ ಇಕ್ಕಟ್ಟಾಗಿ ಮಾಡಿದ್ದರು. ನಮ್ಮ ಲಿಪಿಗೆ ಮೇಲೆ ಗುಡಿಸು, ಕೆಳಗೆ ಒತ್ತು. ಸಾಲು ಇಕ್ಕಟ್ಟಾದರೆ ಮೊದಲು ಕತ್ತರಿಸಿಹೋಗುವುದೇ ಒತ್ತು. ‘ಮಲ್ಲಿಕಾರ್ಜುನ’ ಎಂಬುದು ‘ಮಲಿಕಾರ್ಜುನ’ ಎಂದೂ ‘ಹಾನಗಲ್ಲ’ ಎಂಬುದು ‘ಹಾನಗಲ’ ಎಂದೂ ಕಾಣಿಸುತ್ತಿತ್ತು. ಸಾಲಿನ ಎತ್ತರವನ್ನು ಹೆಚ್ಚಿಸಿದೊಡನೆ ಒತ್ತಕ್ಷರಗಳು ಕಾಲು ಚಾಚಿ ಕುಳಿತುವು. ಅಕ್ಷರದ ಗಾತ್ರವನ್ನೂ ದೊಡ್ಡದು ಮಾಡಿದೆನು. ಬಿಳಿಯ ಮೇಲಿನ ಬೂದುಬಣ್ಣವು ಎಳೆಯ ಕಣ್ಣುಗಳಿಗೆ ಸೊಗಸಾಗಿ ಕಾಣಬಹುದು. ಮುಪ್ಪಿನ ಕಣ್ಣುಗಳಿಗೆ ಅದು ಮಂಜು. ಅಂತರಜಾಲದ ಪುಟಗಳಿಗಾಗಿ 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯೊಂದು, ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅಂತರವು ಕನಿಷ್ಠ 4.5ಕ್ಕೆ 1ರ ಪ್ರಮಾಣದಲ್ಲಿ ಇರಬೇಕೆನ್ನುತ್ತದೆ. ಅಚ್ಚ ಬಿಳುಪಿನ ಮೇಲೆ ಅಚ್ಚ ಕಪ್ಪು ಇದ್ದರೆ ಆ ಪ್ರಮಾಣ 21ಕ್ಕೆ 1. ನಾನು ತಂದೆಯವರ ಮಸಿಯ ಬಣ್ಣವನ್ನೇ ಆರಿಸಿಕೊಂಡೆನು.

ಒಂದು ವಿಷಯ ಮಾತ್ರ ನನ್ನ ಕೈಗೆ ದಕ್ಕಲಿಲ್ಲ. ಕೆಳಕ್ಕೆ ಇಳಿದ ಗುಂಡಿಗಳನ್ನು ಮತ್ತೆ ಮೇಲಕ್ಕೆ ಏರಿಸಲು ಆ ತಂತ್ರಾಂಶದಲ್ಲಿ ದಾರಿಯಿರಲಿಲ್ಲ. ಆದುದರಿಂದ ಬೇರೊಂದು ಉಪಾಯವನ್ನು ಹುಡುಕಿದೆನು. ಕೀಲಿಮಣೆಯಲ್ಲಿ ಎಲ್ಲಕ್ಕಿಂತ ಉದ್ದವಾದ ಕೀಲಿಯನ್ನು ಒತ್ತಿದರೆ ಹಾಡು ಆರಂಭವಾಗುವಂತೆಯೂ, ಮತ್ತೆ ಒತ್ತಿದರೆ ನಿಲ್ಲುವಂತೆಯೂ ಗೊತ್ತುಮಾಡಿದೆನು. ಅದನ್ನು ಕಂಡುಹಿಡಿಯಲು ಕಣ್ಣು ಬೇಕಿಲ್ಲ, ಹೆಬ್ಬೆರಳು ಸಾಕು.

ಎರಡು ಸಂಜೆಗಳ ಕೆಲಸ ಮುಗಿದ ಮೇಲೆ ಅವ್ವನನ್ನು ಕರೆದೆನು. ಅವಳು ಬರಲು ಒಪ್ಪಲಿಲ್ಲ. ಎರಡು ಸಲ ಕರೆಯಬೇಕಾಯಿತು. ಬಂದವಳು ಕನ್ನಡಕ ಸರಿಪಡಿಸಿಕೊಂಡು ಪಟ್ಟಿಯ ಮೇಲೆ ಕಣ್ಣಾಡಿಸಿದಳು. “ನಿಮ್ಮ ಅಪ್ಪ ಬರದ ಚೀಟಿ ಹಂಗ ಅದ ನೋಡು,” ಎಂದಳು. ಆದರೂ ಗುಂಡಿಗಾಗಿ ಅವಳ ಕೈ ಮೇಲಿನ ಎಡಮೂಲೆಗೇ ಹೋಯಿತು. ಒಂದು ವಾರದವರೆಗೂ ಹಾಗೆಯೇ ಹೋಗುತ್ತಿತ್ತು. ಎಂಟನೆಯ ದಿನವೋ ಒಂಬತ್ತನೆಯ ದಿನವೋ, ನಾನು ಹಾಸಿಗೆಯಲ್ಲಿ ಇನ್ನೂ ಮಲಗಿರುವಾಗಲೇ ತೋಡಿಯ ಆಲಾಪ ಕೇಳಿಸಿತು. ಅವಳ ಕೈ ಹೊಸ ಕೀಲಿಯನ್ನು ಕಲಿತುಕೊಂಡಿತ್ತು. ವಯಸ್ಸಾಯಿತೆಂಬ ಮಾತನ್ನು ಆ ಯಂತ್ರದ ಸಂಬಂಧವಾಗಿ ಅವಳು ಮತ್ತೆ ಆಡಲಿಲ್ಲ.

ಇದರಿಂದ ನನಗೆ ಮನದಟ್ಟಾದ ಸಂಗತಿಯೊಂದುಂಟು. ಉಪಕರಣವನ್ನು ಮಾಡಿದವರು ಅದಕ್ಕೆ ಒಡೆಯರೆಂಬುದು ನಿಜ. ಆದರೆ ಅದನ್ನು ವರ್ಷಗಟ್ಟಲೆ ಬಳಸಿ ಕೈಗೆ ಪಳಗಿಸಿಕೊಂಡವರಿಗೂ ಅದರಲ್ಲೊಂದು ಪಾಲಿದೆ. ಆ ಪಾಲು ಯಾವ ಕರಾರುಪತ್ರದಲ್ಲಿಯೂ ಬರೆದಿರುವುದಿಲ್ಲ. ಬದಲಾವಣೆ ಮಾಡುವವರು ಅದನ್ನು ಮನ್ನಿಸಿ, ಹಳೆಯ ರೀತಿಗೆ ಮರಳುವ ಬಾಗಿಲೊಂದನ್ನು ತೆರೆದಿಟ್ಟರೆ ಸಾಕು. ಹೊಸತನ್ನು ಬಯಸುವವರು ಮುಂದೆ ಹೋಗುತ್ತಾರೆ. ಉಳಿದವರು ತಮ್ಮ ಹೆಜ್ಜೆಯಲ್ಲಿ ಬರುತ್ತಾರೆ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಮುಂದೆ ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಕುಳಿತು ಇಂಥ ತಂತ್ರಾಂಶಗಳನ್ನು ರಚಿಸುವವರಾಗಬಹುದು. ಆಗ ಒಂದು ಗುಂಡಿಯನ್ನು ಅದರ ಸ್ಥಳದಿಂದ ಕದಲಿಸುವ ಮುನ್ನ, ಅದನ್ನು ನೋಡದೆಯೇ ಒತ್ತುವ ಕೈಗಳು ಎಷ್ಟಿರಬಹುದೆಂದು ಯೋಚಿಸಿರಿ. ಉಳಿದವರಿಗೂ ಮಾಡಬೇಕಾದ ಕೆಲಸವೊಂದಿದೆ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಫೋನನ್ನು ಕೆಳಗಿಟ್ಟು ‘ಇದು ನನ್ನಿಂದಾಗದು’ ಎಂದಾಗ, ಅವರ ವಯಸ್ಸನ್ನು ಎಣಿಸುವುದಕ್ಕೆ ಮೊದಲು ಆ ಫೋನನ್ನು ಒಮ್ಮೆ ಕೈಗೆ ತೆಗೆದುಕೊಂಡು ನೋಡಿರಿ. ಅಕ್ಷರವನ್ನು ದೊಡ್ಡದು ಮಾಡಲು, ಬೇಡದ್ದನ್ನು ಬದಿಗೆ ಸರಿಸಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ನಮ್ಮ ಪ್ಲೇಯರಿಗೆ ಇನ್ನೊಂದು ನವೀಕರಣ ಬಂದೇ ಬರುತ್ತದೆ. ಅದಕ್ಕಾಗಿ ನಾನು ಮಾಡಿದ ಏರ್ಪಾಟುಗಳ ಕಡತವನ್ನು ಒಂದು ಪೆನ್‌ಡ್ರೈವಿನಲ್ಲಿ ನಕಲು ಮಾಡಿ, ಕ್ಯಾಸೆಟ್ಟುಗಳ ಪೆಟ್ಟಿಗೆಯಲ್ಲಿಯೇ ಇರಿಸಿದ್ದೇನೆ. ಅದರ ಬೆನ್ನಿಗೂ ಒಂದು ಚೀಟಿಯನ್ನು ಅಂಟಿಸಿ, ಕಪ್ಪು ಮಸಿಯಲ್ಲಿ ‘ಅವ್ವನ ಪಟ್ಟಿ’ ಎಂದು ಬರೆದಿದ್ದೇನೆ.